"ಹಿಡನ್ ಜೆಮ್" ಅಂತೀರಲ್ಲ, ಯಾರಿಂದ ಹಿಡನ್?

1/8

ವಾರಕ್ಕೆ ಎರಡು ಸಲವಾದ್ರೂ ಯಾರೋ ಒಬ್ರು ಕ್ಲಾಸ್ ಗ್ರೂಪಿಗೆ ಹಾಕೋ ರೀಲ್ ಇದು: "ತಾಂಜಾನಿಯಾದಲ್ಲಿ ಯಾರಿಗೂ ಗೊತ್ತಿಲ್ಲದ 5 ಜಾಗಗಳು". ಡ್ರೋನ್ ಶಾಟ್, ಡ್ರಮ್ ಸೌಂಡು, ಮೇಲೆ ದಪ್ಪಕ್ಷರದಲ್ಲಿ ಅನ್‌ಟಚ್ಡ್, ಅನ್‌ಎಕ್ಸ್‌ಪ್ಲೋರ್ಡ್, ಹಿಡನ್ ಜೆಮ್. ಕೆಳಗೆ ನಮ್ಮವರದ್ದೇ ಬೆಂಕಿ ಎಮೋಜಿಗಳ ಸಾಲು.

ಯಾರಿಗೂ ಗೊತ್ತಿಲ್ಲ ಅಂದ್ರೆ ಯಾರಿಗೆ ಸ್ವಾಮಿ? 2022ರ ಜನಗಣತಿಯಲ್ಲಿ ತಾಂಜಾನಿಯಾದ ಜನಸಂಖ್ಯೆ 6.17 ಕೋಟಿ. ಕರ್ನಾಟಕದ್ದು 2011ರಲ್ಲಿ 6.11 ಕೋಟಿ ಇತ್ತು. ಅಂದ್ರೆ ಹೆಚ್ಚುಕಮ್ಮಿ ಒಂದು ಕರ್ನಾಟಕದಷ್ಟು ಜನ ಅಲ್ಲಿ ಇದ್ದಾರೆ, ಅವರ ಮನೆ ಹಿತ್ತಲಲ್ಲಿರೋ ಜಾಗಕ್ಕೆ ನಾವು "ಯಾರಿಗೂ ಗೊತ್ತಿಲ್ಲ" ಅಂತ ಬೋರ್ಡ್ ಹಾಕ್ತಾ ಇದೀವಿ.

ಮೊದಲೇ ಹೇಳಿಬಿಡ್ತೀನಿ, ನಾನು ತಾಂಜಾನಿಯಾಕ್ಕೆ ಹೋಗಿಲ್ಲ. ಬಿಕಾಂ ಓದೋ ನನ್ನ ಜೇಬಿಗೆ ಸದ್ಯಕ್ಕೆ ಗೋಕರ್ಣವೇ ದೂರ. ಹೋಗಬೇಡಿ ಅಂತಾನೂ ಹೇಳ್ತಿಲ್ಲ. ಖಂಡಿತ ಹೋಗಿ. ಸೆರೆಂಗೆಟಿ, ಕಿಲಿಮಂಜಾರೊ, ಜಾಂಜಿಬಾರ್ ಈ ಮೂರನ್ನೇ ಸುತ್ತೋದಕ್ಕಿಂತ ದಕ್ಷಿಣಕ್ಕೆ, ಪಶ್ಚಿಮಕ್ಕೆ ಹೋಗೋದು ಎಷ್ಟೋ ಒಳ್ಳೇದು. ನನ್ನ ಜಗಳ "ಡಿಸ್ಕವರ್" ಅನ್ನೋ ಆ ಪದದ ಜೊತೆ. ಅದು ನಿರುಪದ್ರವಿ ಪದ ಅಲ್ಲ. ಯಾಕೆ ಅಂತ ಮುಂದಿನ ಪೋಸ್ಟುಗಳಲ್ಲಿ.

2/8

ಆ ಐದರ ಲಿಸ್ಟಲ್ಲಿ ಸಾಮಾನ್ಯವಾಗಿ ಇರೋದು ಕಿಲ್ವಾ ಕಿಸಿವಾನಿ. ದಾರ್ ಎಸ್ ಸಲಾಮ್‌ನಿಂದ ದಕ್ಷಿಣಕ್ಕೆ ಸುಮಾರು 300 ಕಿಲೋಮೀಟರ್ ಹೋದ್ರೆ ಕಿಲ್ವಾ ಮಸೋಕೊ ಅನ್ನೋ ಊರು. ಅಲ್ಲಿ ಪರ್ಮಿಟ್ ತಗೊಂಡು, ಗೈಡ್ ಜೊತೆ ದೋಣಿ ಹತ್ತಿದ್ರೆ ಎದುರಿಗೇ ದ್ವೀಪ. ರೀಲ್‌ನಲ್ಲಿ ಹಾಕೋ ಪದ: "ಕಾಡಲ್ಲಿ ಕಳೆದುಹೋದ ನಗರ".

ಕಳೆದುಹೋಗಿದ್ದು ಯಾವಾಗ? 1331ರಲ್ಲಿ ಮೊರಾಕ್ಕೊದ ಇಬ್ನ್ ಬತೂತಾ ಇಲ್ಲಿಗೆ ಬಂದು ಊರಿನ ಅಂದವನ್ನು ಹೊಗಳಿ ಬರೆದಿಟ್ಟ. ಈಗಿನ ಜಿಂಬಾಬ್ವೆ ಕಡೆಯಿಂದ ಸೊಫಾಲಾ ಬಂದರಿಗೆ ಬರ್ತಿದ್ದ ಚಿನ್ನದ ವ್ಯಾಪಾರ ಕಿಲ್ವಾ ಸುಲ್ತಾನರ ಹಿಡಿತದಲ್ಲಿತ್ತು. ಹವಳದ ಕಲ್ಲಲ್ಲಿ ಕಟ್ಟಿದ, ಗುಮ್ಮಟಗಳಿರೋ ದೊಡ್ಡ ಮಸೀದಿ ಈಗಲೂ ನಿಂತಿದೆ. ಹುಸುನಿ ಕುಬ್ವಾ ಅನ್ನೋ ಅರಮನೆಯಲ್ಲಿ 100ಕ್ಕೂ ಹೆಚ್ಚು ಕೋಣೆಗಳಿದ್ದವು, ಎಂಟು ಮೂಲೆಯ ಸ್ನಾನದ ಕೊಳ ಇತ್ತು. 14ನೇ ಶತಮಾನದ ಮಾತು ಇದು. ಕಿಲ್ವಾ ತನ್ನದೇ ತಾಮ್ರದ ನಾಣ್ಯ ಟಂಕಿಸ್ತಿತ್ತು. ಆ ನಾಣ್ಯಗಳು ಎಲ್ಲಿ ಸಿಕ್ಕಿವೆ ಗೊತ್ತಾ? ಒಂದು ಗ್ರೇಟ್ ಜಿಂಬಾಬ್ವೆಯಲ್ಲಿ. ಕೆಲವು 1944ರಲ್ಲಿ ಆಸ್ಟ್ರೇಲಿಯಾದ ಉತ್ತರದ ಒಂದು ದ್ವೀಪದ ಮರಳಲ್ಲಿ.

ಯುನೆಸ್ಕೊ 1981ರಲ್ಲೇ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ. ನಮ್ಮ ಹಂಪಿ ಸೇರಿದ್ದು 1986ರಲ್ಲಿ. ಕಿಲ್ವಾ ನಮಗಿಂತ ಐದು ವರ್ಷ ಸೀನಿಯರ್! ದ್ವೀಪದ ಮೇಲೆ ಇವತ್ತಿಗೂ ಊರಿದೆ, ಮೀನುಗಾರರಿದ್ದಾರೆ, ಮಕ್ಕಳು ಪಾಳುಗೋಡೆಗಳ ಮಧ್ಯೆ ಓಡಾಡ್ತಾರೆ. ನಾಳೆ ಯಾರೋ ಬಂದು ಹಂಪಿಯ ಡ್ರೋನ್ ಶಾಟ್ ತೆಗೆದು "ಯಾರಿಗೂ ಗೊತ್ತಿಲ್ಲದ ಹಾಳೂರು" ಅಂತ ಹಾಕಿದ್ರೆ ಕಮೆಂಟಲ್ಲಿ ನಾವು ಸುಮ್ನೆ ಇರ್ತೀವಾ?

3/8

ಈಗ ನಮಗೇ ಸಂಬಂಧಪಟ್ಟಿದ್ದು. ಇದನ್ನ ಯಾವ ಟ್ರಾವೆಲ್ ಪೇಜೂ ಹಾಕಲ್ಲ.

1505ರ ಜುಲೈನಲ್ಲಿ ಪೋರ್ಚುಗೀಸರ ದೊಡ್ಡ ನೌಕಾಪಡೆ ಕಿಲ್ವಾಕ್ಕೆ ಬಂತು. ನಾಯಕ ಫ್ರಾನ್ಸಿಸ್ಕೊ ಡಿ ಅಲ್ಮೇಡಾ. ಊರನ್ನು ಲೂಟಿ ಮಾಡಿ, ತಮ್ಮ ಮಾತು ಕೇಳೋ ಒಬ್ಬನನ್ನು ಗದ್ದುಗೆಗೆ ಕೂರಿಸಿ, ಕೋಟೆ ಕಟ್ಟೋಕೆ ಶುರು ಮಾಡಿದ್ರು. ಆಗಸ್ಟಲ್ಲಿ ಮೊಂಬಾಸಾಕ್ಕೆ ಬೆಂಕಿ. ಆಮೇಲೆ ಮಾನ್ಸೂನ್ ಗಾಳಿ ಹಿಡಿದು ಅದೇ ಪಡೆ ಅರಬ್ಬಿ ಸಮುದ್ರ ದಾಟಿ ಸೆಪ್ಟೆಂಬರಲ್ಲಿ ಬಂದು ಇಳಿದಿದ್ದು ಎಲ್ಲಿ? ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ. ಅಕ್ಟೋಬರಲ್ಲಿ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟಿದ್ದೂ ಅವರೇ. ಕಿಲ್ವಾ ಲೂಟಿಗೂ ಹೊನ್ನಾವರದ ಬೆಂಕಿಗೂ ನಡುವೆ ಮೂರು ತಿಂಗಳು, ಒಬ್ಬನೇ ಕ್ಯಾಪ್ಟನ್. ಹೈಸ್ಕೂಲ್ ಪುಸ್ತಕದಲ್ಲಿ ಅಲ್ಮೇಡಾ "ಪೋರ್ಚುಗೀಸರ ಮೊದಲ ವೈಸರಾಯ್" ಅಂತ ಒಂದು ಮಾರ್ಕಿನ ಪ್ರಶ್ನೆ ಅಷ್ಟೇ.

ಆ ನೀರಿನ ದಾರಿಯಲ್ಲಿ ವ್ಯಾಪಾರ ಅದಕ್ಕೂ ಹಿಂದಿಂದ ನಡೀತಾ ಇತ್ತು. ಒಂದು ಗಾಳಿಗೆ ಈ ಕಡೆಯಿಂದ ಹೋಗೋದು, ಗಾಳಿ ತಿರುಗಿದಾಗ ವಾಪಸ್ ಬರೋದು. ಸ್ವಾಹಿಲಿಯಲ್ಲಿ ಲಕ್ಷಕ್ಕೆ "ಲಾಕಿ", ವಿಮೆಗೆ "ಬೀಮಾ", ಗಾಡಿಗೆ "ಗಾರಿ", ಚೆಕ್ಕಿಗೆ "ಹುಂಡಿ", ಚಪಾತಿಗೆ ಚಪಾತಿನೇ. ಇಂಡಿಯನ್ ಫೈನಾನ್ಷಿಯಲ್ ಸಿಸ್ಟಮ್ ಅಂತ ನಾವು ಉರು ಹೊಡೆಯೋ ಚಾಪ್ಟರಿನ ಅರ್ಧ ಶಬ್ದಗಳು ಅಲ್ಲಿನ ಅಂಗಡಿ ಮಾತಲ್ಲಿವೆ.

ಆ ದಾರಿಯಲ್ಲಿ ಮನುಷ್ಯರನ್ನೂ ಮಾರಿದ್ರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಪೂರ್ವಜರು ಆಫ್ರಿಕಾದ ಪೂರ್ವ ಭಾಗದಿಂದ ಗೋವಾ ಕಡೆಗೆ ಗುಲಾಮರಾಗಿ ತರಲ್ಪಟ್ಟವರು. ನಮ್ಮ ಜಿಲ್ಲೆಯಲ್ಲೇ, ಕನ್ನಡ-ಕೊಂಕಣಿ ಮಾತಾಡ್ತಾ ಇರೋ ಜನ. ಹೀಗಿರೋವಾಗ ಪೂರ್ವ ಆಫ್ರಿಕಾ ನಮಗೆ "ಅಪರಿಚಿತ ಲೋಕ" ಹೇಗೆ ಆಗತ್ತೆ? ಗೊತ್ತಿದ್ದಿದ್ದು ಮರೆತಿದೀವಿ ಅನ್ನಿ, ಒಪ್ತೀನಿ.

4/8

"ಡಿಸ್ಕವರಿ" ಅನ್ನೋದು ಹೇಗೆ ಕೆಲಸ ಮಾಡತ್ತೆ ಅಂತ ಒಂದು ಹೂವಿಂದ ಹೇಳ್ತೀನಿ. ನರ್ಸರಿಯಲ್ಲಿ ಆಫ್ರಿಕನ್ ವಯೊಲೆಟ್ ಅಂತ ಸಿಗತ್ತಲ್ಲ, ನೇರಳೆ ಬಣ್ಣದ ಪುಟ್ಟ ಕುಂಡದ ಗಿಡ. ಅದು ತಾಂಜಾನಿಯಾದ ಉಸಂಬಾರಾ ಬೆಟ್ಟಗಳದ್ದು. ಮಂಜು, ದಟ್ಟ ಕಾಡು, ಕಾಡಿನ ಅಂಚಿಗೇ ಶಾಂಬಾ ಜನರ ತೋಟ. ಒಂಥರಾ ಅವರ ಮಲೆನಾಡು. 1892ರಲ್ಲಿ ಸೇಂಟ್ ಪಾಲ್ ಅನ್ನೋ ಜರ್ಮನ್ ಅಧಿಕಾರಿ ಅದನ್ನು "ಕಂಡುಹಿಡಿದು" ಬೀಜ ಕಳಿಸಿದ. ಗಿಡಕ್ಕೆ ಸೇಂಟ್‌ಪಾಲಿಯಾ ಅಂತ ಅವನ ಮನೆತನದ ಹೆಸರು ಬಿತ್ತು. ತಲೆಮಾರುಗಳಿಂದ ಆ ಗಿಡದ ಪಕ್ಕದಲ್ಲೇ ನಡೆದು ಹೋದವರ ಹೆಸರು ಎಲ್ಲೂ ಇಲ್ಲ.

ಮನುಷ್ಯರ ವಿಷಯದಲ್ಲೂ ಅಷ್ಟೇ. ಸಿದಿ ಮುಬಾರಕ್ ಬಾಂಬೆ ಅಂತ ಒಬ್ಬ ಇದ್ದ. ಯಾವೋ ಬುಡಕಟ್ಟಿನ ಹುಡುಗ. ಚಿಕ್ಕವನಿದ್ದಾಗಲೇ ಅವನನ್ನು ಹಿಡಿದು, ಇದೇ ಕಿಲ್ವಾ ಮೂಲಕ ಸಾಗಿಸಿ ಮಾರಿದ್ರು. ಭಾರತಕ್ಕೆ ಬಂದು, ಇಲ್ಲಿ ವರ್ಷಗಟ್ಟಲೆ ಇದ್ದು, ಹಿಂದುಸ್ತಾನಿ ಕಲಿತು ವಾಪಸ್ ಹೋದ. "ನೈಲ್ ಮೂಲ ಕಂಡುಹಿಡಿದ" ಅಂತ ನಾವು ಓದೋ ಸ್ಪೀಕ್, ಬರ್ಟನ್, ಆಮೇಲೆ ಸ್ಟ್ಯಾನ್ಲಿ, ಕ್ಯಾಮರಾನ್, ಎಲ್ಲರ ಜೊತೆಗೂ ಸಾವಿರಾರು ಮೈಲಿ ನಡೆದವನು ಅವನು. ಸ್ಪೀಕ್ ಅವನ ಜೊತೆ ಮಾತಾಡ್ತಿದ್ದಿದ್ದೇ ಹಿಂದುಸ್ತಾನಿಯಲ್ಲಿ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1876ರಲ್ಲಿ ಅವನಿಗೆ ಒಂದು ಬೆಳ್ಳಿ ಪದಕ ಕೊಡ್ತು. ಸರೋವರಕ್ಕೆ ಮಾತ್ರ ವಿಕ್ಟೋರಿಯಾ ಅಂತ ಹೆಸರಿಟ್ರು.

ಟಾಂಗನಿಕಾ ಸರೋವರದ ದಡದ ಉಜಿಜಿಯಲ್ಲಿ 1871ರಲ್ಲಿ ಸ್ಟ್ಯಾನ್ಲಿ ಲಿವಿಂಗ್‌ಸ್ಟನ್‌ನನ್ನು "ಹುಡುಕಿದ" ಕತೆ ಎಲ್ಲರಿಗೂ ಗೊತ್ತು. ಉಜಿಜಿ ಜನಕ್ಕೆ ಲಿವಿಂಗ್‌ಸ್ಟನ್ ಎಲ್ಲಿದಾನೆ ಅಂತ ಮೊದಲೇ ಗೊತ್ತಿತ್ತು ರೀ. ಅವರೂರಲ್ಲೇ ಇದ್ದ!

ಇವತ್ತಿನ ರೀಲ್‌ಗೂ ಇದಕ್ಕೂ ಏನು ವ್ಯತ್ಯಾಸ? ಮುಂದೆ ಕ್ಯಾಮೆರಾ ಹಿಡಿದವನು ಎಕ್ಸ್‌ಪ್ಲೋರರ್. ದಾರಿ ತೋರಿಸಿದವನು, ದೋಣಿ ನಡೆಸಿದವನು, ಅಡುಗೆ ಮಾಡಿ ಹಾಕಿದವಳು ಫ್ರೇಮಿನ ಹೊರಗೆ.

5/8

ಇನ್ನೊಂದು ಫೇವರಿಟ್ ರೀಲ್: "ಪ್ರಾಣಿಗಳನ್ನ ಕಲ್ಲಾಗಿಸೋ ಸರೋವರ". ನಾಟ್ರಾನ್ ಸರೋವರದ್ದು. ಇದನ್ನ ಫಾರ್ವರ್ಡ್ ಮಾಡದವರು ನಮ್ಮ ಬ್ಯಾಚಲ್ಲಿ ಯಾರಾದ್ರೂ ಇದೀರಾ?

ನಿಜ ಇಷ್ಟು. ನಿಕ್ ಬ್ರಾಂಟ್ ಅನ್ನೋ ಫೋಟೋಗ್ರಾಫರ್ ದಡಕ್ಕೆ ಬಂದು ಬಿದ್ದಿದ್ದ, ಉಪ್ಪು-ಸೋಡಾ ಮೆತ್ತಿಕೊಂಡು ಒಣಗಿದ ಹಕ್ಕಿಗಳ ಶವಗಳನ್ನು ಎತ್ತಿ, ಬದುಕಿದ್ದ ಹಾಗೆ ಕೂರಿಸಿ ಫೋಟೋ ತೆಗೆದ. 2013ರಲ್ಲಿ ಅದು ವೈರಲ್ ಆಯ್ತು. ತಾನು ಹೀಗೇ ಮಾಡಿದ್ದು ಅಂತ ಅವನೇ ಹೇಳಿದಾನೆ. ಮುಟ್ಟಿದ ಕೂಡಲೇ ಕಲ್ಲಾಗೋದು ಶುದ್ಧ ಕಟ್ಟುಕತೆ.

ಅದೇ ನಾಟ್ರಾನ್ ಪೂರ್ವ ಆಫ್ರಿಕಾದ ಲೆಸ್ಸರ್ ಫ್ಲೆಮಿಂಗೊಗಳ ಮುಖ್ಯ ಹೆರಿಗೆಮನೆ. ಲಕ್ಷಾಂತರ ಹಕ್ಕಿಗಳು ಅಲ್ಲೇ ಮೊಟ್ಟೆ ಇಡ್ತವೆ, ಯಾಕಂದ್ರೆ ಆ ಖಾರ ನೀರಿಗೆ ಬೇಟೆಗಾರ ಪ್ರಾಣಿಗಳು ಸುಲಭವಾಗಿ ಬರಲ್ಲ. ಸಾವಿನ ಸರೋವರ ಅಂತ ನಾವು ಶೇರ್ ಮಾಡಿದ್ದು ಮರಿಗಳ ತೊಟ್ಟಿಲು. ಅಲ್ಲಿ ಸೋಡಾ ಕಾರ್ಖಾನೆ ಮಾಡೋ ಯೋಜನೆ ಒಂದು ಬಂದಿತ್ತು, ಅದರಲ್ಲಿ ನಮ್ಮ ದೇಶದ ಟಾಟಾ ಕೆಮಿಕಲ್ಸ್ ಕೂಡ ಪಾಲುದಾರ. ಪರಿಸರದವರ ವಿರೋಧ ಜೋರಾಯ್ತು, ಕಂಪನಿ ಹಿಂದೆ ಸರೀತು. "ಸತ್ತ ಸರೋವರ" ಅಂತ ಜನ ನಂಬಿದ್ರೆ ಇಂಥ ಯೋಜನೆ ಬಂದಾಗ ಯಾರು ತಡೀತಾರೆ? ಡೆಡ್ ಸ್ಟಾಕ್‌ನ ಸ್ಕ್ರ್ಯಾಪಿಗೆ ಹಾಕೋಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಆ ಸರೋವರಕ್ಕೆ ಹೋಗೋ ದಾರಿಯಲ್ಲಿ ಎಂಗಾರುಕಾ ಸಿಗತ್ತೆ. ಕಲ್ಲಿನ ಮೆಟ್ಟಿಲು ಗದ್ದೆಗಳು, ಬೆಟ್ಟದಿಂದ ನೀರು ತರೋ ಕಾಲುವೆಗಳು, ಸುಮಾರು 15ರಿಂದ 18ನೇ ಶತಮಾನದವರೆಗೆ ಅಲ್ಲಿ ಬೇಸಾಯ ನಡೆದ ಗುರುತು. ಬರಡು ಅಂತ ಕಾಣೋ ಜಾಗದಲ್ಲಿ ನೀರಾವರಿ ಎಂಜಿನಿಯರಿಂಗ್! ಜೀಪುಗಳು ಧೂಳೆಬ್ಬಿಸಿಕೊಂಡು ಅದರ ಪಕ್ಕದಲ್ಲೇ ಹೋಗ್ತವೆ.

6/8

ಈಗ ಅಸಲಿ ವಿಷಯ. ದಯವಿಟ್ಟು ಇದನ್ನೊಂದು ಪೂರ್ತಿ ಓದಿ.

"ಅನ್‌ಟಚ್ಡ್" ಅನ್ನೋ ಫೋಟೋ ತೆಗೀಬೇಕು ಅಂದ್ರೆ ಫ್ರೇಮಲ್ಲಿ ಜನ ಇರಬಾರದು. ಸೆರೆಂಗೆಟಿ ಫೋಟೋಗಳಲ್ಲಿ ಜನ ಯಾಕೆ ಕಾಣಲ್ಲ ಅಂತ ಯಾವತ್ತಾದ್ರೂ ಯೋಚಿಸಿದೀರಾ? ಅಲ್ಲಿ ಜನ ಇರಲಿಲ್ಲ ಅಂತಲ್ಲ, ಎಬ್ಬಿಸಿದ್ರು. ಸೆರೆಂಗೆಟಿ ಅನ್ನೋ ಹೆಸರೇ ಮಾಸಾಯಿ ಭಾಷೆಯಿಂದ ಬಂದಿದ್ದು. ಬ್ರಿಟಿಷರ ಆಡಳಿತದಲ್ಲಿ, 1959ರಲ್ಲಿ, ಮಾಸಾಯಿ ದನಗಾಹಿಗಳನ್ನು ಅಲ್ಲಿಂದ ಹೊರಗೆ ಕಳಿಸಿ, ಪಕ್ಕದ ಗೊರೊಂಗೊರೊ ಪ್ರದೇಶದಲ್ಲಿ ನೀವು ಇರಬಹುದು, ದನ ಮೇಯಿಸಬಹುದು ಅಂತ ಭರವಸೆ ಕೊಟ್ರು. ಅದೇ ಕಾಲಕ್ಕೆ ಜರ್ಮನಿಯ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಸೆರೆಂಗೆಟಿ ಮೇಲೆ ಮಾಡಿದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ರಾಷ್ಟ್ರೀಯ ಉದ್ಯಾನದಲ್ಲಿ ಮನುಷ್ಯರು ವಾಸ ಮಾಡಬಾರದು, ಅಲ್ಲಿನ ಮೂಲ ಜನರೂ ಸೇರಿ, ಅನ್ನೋದು ಅವರ ವಾದ. ಜಗತ್ತಿಗೆ ಆ ಖಾಲಿ ಬಯಲಿನ ಚಿತ್ರವೇ ಆಫ್ರಿಕಾ ಆಗಿ ಉಳೀತು.

60 ವರ್ಷ ಆದಮೇಲೆ ಗೊರೊಂಗೊರೊದಿಂದಲೂ ಹೊರಡಿ ಅಂತಾಯ್ತು. ದನ ಜಾಸ್ತಿ, ಜನ ಜಾಸ್ತಿ ಅನ್ನೋದು ಸರ್ಕಾರದ ಕಾರಣ. 2022ರಿಂದ ಕುಟುಂಬಗಳನ್ನು ದೂರದ ಹಂದೇನಿ ಜಿಲ್ಲೆಯ ಮ್ಸೊಮೆರಾ ಅನ್ನೋ ಹಳ್ಳಿಗೆ ಸಾಗಿಸೋ ಕೆಲಸ ಶುರುವಾಯ್ತು. ಸರ್ಕಾರ "ಸ್ವಇಚ್ಛೆಯಿಂದ" ಅನ್ನತ್ತೆ, ಅಲ್ಲಿನ ಎಷ್ಟೋ ಜನ ಮತ್ತು ಮಾನವ ಹಕ್ಕು ಸಂಘಟನೆಗಳು ಅಲ್ಲ ಅಂತಾರೆ. ಅದೇ ವರ್ಷ ಜೂನ್ 10ರಂದು ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಸಂರಕ್ಷಿತ ಪ್ರದೇಶ ಅಂತ ಗಡಿಕಲ್ಲು ನೆಡೋಕೆ ಪೊಲೀಸರು ಬಂದಾಗ ಘರ್ಷಣೆ ಆಯ್ತು. ಒಬ್ಬ ಪೊಲೀಸ್ ಸತ್ತ, ಮಾಸಾಯಿಗಳು ಹಲವರು ಗಾಯಗೊಂಡ್ರು, ಎಷ್ಟೋ ಜನ ಗಡಿ ದಾಟಿ ಕೀನ್ಯಾಕ್ಕೆ ಓಡಿದ್ರು.

ನಾಗರಹೊಳೆಯ ಜೇನುಕುರುಬರ ಕತೆ ಗೊತ್ತಿರೋರಿಗೆ ಇದು ಹೊಸ ಸ್ಕ್ರಿಪ್ಟ್ ಅಲ್ಲ.

ನಿಮ್ಮ ರೀಲ್ ಯಾರನ್ನೂ ಒಕ್ಕಲೆಬ್ಬಿಸಲ್ಲ ಅಂತ ನನಗೂ ಗೊತ್ತು. ಆದ್ರೆ "ಖಾಲಿ ಜಾಗ" ಅನ್ನೋ ನಂಬಿಕೆಗೆ ದಿನಾ ಗೊಬ್ಬರ ಹಾಕ್ತಿರೋದು ಯಾರು? ಟೂರಿಸ್ಟಿಗೆ ಜನವಿಲ್ಲದ ಬಯಲು ಬೇಕು ಅಂತ ಮಾರ್ಕೆಟ್ ಡಿಮ್ಯಾಂಡ್ ತೋರಿಸ್ತಿರೋದು ನಮ್ಮ ಲೈಕುಗಳೇ. ಡಿಮ್ಯಾಂಡ್ ಇದ್ದಲ್ಲಿ ಸಪ್ಲೈ ಬರತ್ತೆ. ಫಸ್ಟ್ ಸೆಮ್‌ನ ಪಾಠ ಅದು.

7/8

"ಪ್ರಚಾರ ಮಾಡಿದ್ರೆ ಅಲ್ಲಿನ ಜನಕ್ಕೆ ದುಡ್ಡು ಬರತ್ತಲ್ವಾ? ನಿಂಗ್ಯಾಕೆ ಹೊಟ್ಟೆಕಿಚ್ಚು?" ಹಿಂದಿನ ಸಲ ಸ್ಟೋರಿ ಹಾಕಿದಾಗ ಬಂದ ಡಿಎಂ ಇದು. ಒಳ್ಳೇ ಪ್ರಶ್ನೆ, ನಮ್ಮ ಸಬ್ಜೆಕ್ಟಿನದ್ದೇ.

ಬರತ್ತೆ. ಎಲ್ಲಿಗೆ ಬರತ್ತೆ ಅಂತ ಲೆಡ್ಜರ್ ತೆಗೆದು ನೋಡೋಣ. ನೀವು ಇಲ್ಲಿ ಕೂತು ಆಲ್-ಇನ್‌ಕ್ಲೂಸಿವ್ ಪ್ಯಾಕೇಜ್ ಬುಕ್ ಮಾಡ್ತೀರಿ. ವಿಮಾನದ ದುಡ್ಡು ವಿಮಾನ ಕಂಪನಿಗೆ. ಬುಕಿಂಗ್ ಕಮಿಷನ್ ಇಲ್ಲಿನ ಏಜೆಂಟಿಗೆ. ರೂಮು, ಊಟ, ಜೀಪು ಎಲ್ಲ ಒಂದೇ ಲಾಡ್ಜಿಗೆ, ಅದರ ಮಾಲೀಕ ಬೇರೆ ದೇಶದವನಾಗಿದ್ರೆ ಲಾಭವೂ ಆ ದೇಶಕ್ಕೆ. ಊಟ ಒಳಗೇ ಇರೋದ್ರಿಂದ ಊರಿನ ಹೋಟೆಲಲ್ಲಿ ಒಂದು ಚಹಾನೂ ಕುಡಿಯಲ್ಲ. ಇದಕ್ಕೆ ಪ್ರವಾಸೋದ್ಯಮದ ಅರ್ಥಶಾಸ್ತ್ರದಲ್ಲಿ ಲೀಕೇಜ್ ಅಂತ ಹೆಸರೇ ಇದೆ. ಊರವರಿಗೆ ಉಳಿಯೋದು ಸಂಬಳ, ಟಿಪ್ಸು, ಧೂಳು.

ಅದಕ್ಕೇ ನಾನು ಜಾಸ್ತಿ ಜನ ಗೊತ್ತಿಲ್ಲದ ಕಡೆ ಹೋಗಲಿ ಅನ್ನೋದು. ಕಿಲ್ವಾದಲ್ಲಿ ಗೈಡ್ ಊರವನು, ದೋಣಿ ಊರವನದ್ದು. ಮಾಫಿಯಾ ದ್ವೀಪದ ಕಿಲಿಂಡೋನಿ ದಡಕ್ಕೆ ವೇಲ್ ಶಾರ್ಕ್‌ಗಳು ಬರೋ ತಿಂಗಳುಗಳಲ್ಲಿ ಅಲ್ಲಿನ ದೋಣಿಯವರಿಗೆ ಕೆಲಸ. (ಹೆಸರು ನೋಡಿ ನಗಬೇಡಿ, ಡಾನ್‌ಗಳಿಗೂ ಆ ದ್ವೀಪಕ್ಕೂ ಸಂಬಂಧ ಇಲ್ಲ.) ಉಸಂಬಾರಾದ ಲುಶೋಟೊದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಸಿಕೊಂಡು ಹೋಗೋರು ಅಲ್ಲಿನ ಹುಡುಗರೇ. ಇಂಥ ಕಡೆ ನಿಮ್ಮ ದುಡ್ಡು ಊರಲ್ಲೇ ಒಂದೆರಡು ಸುತ್ತು ತಿರುಗತ್ತೆ. ಆದ್ರೆ ಹೀಗೆ ಆಗಬೇಕಾದ್ರೆ ಅಲ್ಲಿ ಜನ ಇದಾರೆ ಅಂತ ನೋಡೋರಿಗೆ ಗೊತ್ತಾಗಬೇಕಲ್ವಾ? "ಯಾರೂ ಇಲ್ಲದ ಸ್ವರ್ಗ" ಅಂತ ಹಾಕಿದ್ರೆ ಯಾರ ದೋಣಿ ಹತ್ತಬೇಕು ಅಂತ ಯಾರು ಕೇಳ್ತಾರೆ?

ಡ್ರೋನ್ ಬಗ್ಗೆ ಒಂದು ಮಾತು: ಅಲ್ಲಿ ಹಾರಿಸೋಕೆ ಸರ್ಕಾರದ ಅನುಮತಿ ಬೇಕು. ಗೂಡಲ್ಲಿ ಕೂತ ಫ್ಲೆಮಿಂಗೊಗಳ ಮೇಲೆ ಹಾರಿಸೋಕೆ ಅನುಮತಿ ಸಿಕ್ಕಿದ್ರೂ ಹಾರಿಸಬಾರದು.

8/8

ಕೊನೇದಾಗಿ ಎರಡು ಜಾಗ, ನೀವೇ ಕ್ಯಾಪ್ಷನ್ ಬರೀರಿ.

ಒಂದು, ಇರಿಂಗಾ ಪಟ್ಟಣದ ಹತ್ತಿರದ ಕಲೆಂಗಾ. ರುವಾಹಾ ಉದ್ಯಾನಕ್ಕೆ ಹೋಗೋರು ಇರಿಂಗಾದಲ್ಲಿ ತಂಗಿ, ಬೆಳಿಗ್ಗೆ ಆನೆ ನೋಡೋಕೆ ಓಡ್ತಾರೆ. ಕಲೆಂಗಾದ ಸಣ್ಣ ಮ್ಯೂಸಿಯಮ್ಮಲ್ಲಿ ಒಂದು ತಲೆಬುರುಡೆ ಇದೆ. ಹೆಹೆ ಜನರ ನಾಯಕ ಮ್ಕ್ವಾವಾನದ್ದು. 1891ರಲ್ಲಿ ಲುಗಾಲೊದಲ್ಲಿ ಜರ್ಮನ್ ಪಡೆಯನ್ನೇ ಸೋಲಿಸಿದವನು. ಏಳು ವರ್ಷ ಸಿಗದೆ ಹೋರಾಡಿ, 1898ರಲ್ಲಿ ಸೆರೆ ಸಿಗೋ ಬದಲು ತಾನೇ ಗುಂಡು ಹೊಡೆದುಕೊಂಡ. ಅವನ ತಲೆ ಜರ್ಮನಿಗೆ ಹೋಯ್ತು. ಮೊದಲ ಮಹಾಯುದ್ಧ ಮುಗಿಸಿದ ವರ್ಸೇಲ್ಸ್ ಒಪ್ಪಂದ ಇದೆಯಲ್ಲ, ಅದರ 246ನೇ ವಿಧಿಯಲ್ಲಿ ಈ ಬುರುಡೆಯನ್ನು ಆರು ತಿಂಗಳೊಳಗೆ ಹಿಂದಿರುಗಿಸಬೇಕು ಅಂತ ಬರೆದಿದೆ. ವಾಪಸ್ ಬಂದಿದ್ದು 1954ರಲ್ಲಿ. ಇದನ್ನ "ಆಫ್‌ಬೀಟ್" ಅಂತ ಹಾಕ್ತೀರಾ?

ಇನ್ನೊಂದು, ಡೊಡೊಮಾದಿಂದ ಉತ್ತರಕ್ಕೆ, ಕೊಂಡೋವಾ ಕಡೆಯ ಕೋಲೊ. ಬಂಡೆಗಳ ಕೆಳಗೆ ಸಾವಿರಾರು ವರ್ಷಗಳ ಚಿತ್ರಗಳು: ಕೆಂಪು ಬಣ್ಣದ ಉದ್ದುದ್ದ ಮನುಷ್ಯರು, ಜಿರಾಫೆ, ಬೇಟೆ. 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ರೀಲ್‌ನವರು ಹೇಳದ ಮಾತು ಏನಂದ್ರೆ, ಸುತ್ತಲಿನ ಹಳ್ಳಿಯವರು ಕೆಲವು ಬಂಡೆಗಳ ಹತ್ತಿರ ಇವತ್ತಿಗೂ ಪೂಜೆ ಸಲ್ಲಿಸ್ತಾರೆ, ಮಳೆಗೆ, ಕಾಯಿಲೆ ವಾಸಿಗೆ. ನೀವು ಶೂ ಹಾಕ್ಕೊಂಡು ಪೋಸ್ ಕೊಡೋ ಆ ಕಲ್ಲು ಅವರಿಗೆ ದೇವರ ಜಾಗ.

ಸರಿ, ಈ ಸೀರೀಸ್ ಓದಿ ಸಿಟ್ಟು ಬಂದಿರೋರಿಗೆ ಒಂದು ಸಣ್ಣ ಕೆಲಸ. ನಿಮ್ಮ ಸೇವ್ಡ್ ಫೋಲ್ಡರಲ್ಲಿರೋ ಆ ಐದು ಜಾಗಗಳ ರೀಲ್ ತೆಗೀರಿ. ಮೂರನೇ ಶಾಟಲ್ಲಿ ದೋಣಿ ಬರತ್ತೆ, ಹಿಂದೆ ಒಬ್ರು ಕೋಲು ಊರಿ ನಡೆಸ್ತಿರ್ತಾರೆ, ಮುಖ ಅರ್ಧ ಕಟ್ ಆಗಿರತ್ತೆ. ಕಮೆಂಟಲ್ಲಿ ಹೋಗಿ ಒಂದೇ ಪ್ರಶ್ನೆ ಕೇಳಿ: ಇವರ ಹೆಸರೇನು, ಇವರ ದೋಣಿ ಬೇಕು ಅಂದ್ರೆ ಯಾರನ್ನ ಕೇಳಬೇಕು?

ಉತ್ತರ ಬಂದ್ರೆ ನಂಗೂ ಟ್ಯಾಗ್ ಮಾಡಿ.

#ತಾಂಜಾನಿಯಾ #ಕಿಲ್ವಾ #ಹಿಡನ್‌ಅಲ್ಲ #ಕನ್ನಡದಲ್ಲಿ